ಜೋಲಿಯಲ್ಲಿ ಮೂರು ಸಲ ಮಲಗಿದ ತಿಪ್ಪಣ್ಣ

ನಗುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ ಕೂಡ್ರಿ.

ಹೊಳೆಯ ದಂಡೆಗೆ ಒಂದು ಊರು. ಊರಿನ ಹೆಸರು ಕೇಳಬೇಡಿ, ಹೆಸರಿನ ರಗಳೆ ಈ ಕತೆಯಲ್ಲಿ ಬೇಕಾದಷ್ಟಿದೆ. ಆ ಊರಲ್ಲಿ ನಿಂಬೆವ್ವ ಅಂತ ಒಬ್ಬ ತಾಯಿ, ಅವಳಿಗೆ ಒಬ್ಬನೇ ಮಗ. ಮಗನ ಹೆಸರು ತಿಪ್ಪಣ್ಣ. ಯಾಕೆ ತಿಪ್ಪಣ್ಣ? ಅವನಿಗಿಂತ ಮೊದಲು ಮೂರು ಕೂಸು ಹುಟ್ಟಿದ್ದವು, ಮೂರೂ ಹಲ್ಲು ಬರುವ ಮೊದಲೇ ಹೋದವು. ನಾಲ್ಕನೆಯದು ಹುಟ್ಟಿದಾಗ ನಿಂಬೆವ್ವನ ಜೀವ ನಡುಗಿತು. ಊರ ಪದ್ಧತಿಯಂತೆ ಕೂಸನ್ನು ಒಯ್ದು ತಿಪ್ಪೆಯ ಮೇಲೆ ಹೊರಳಿಸಿದಳು. "ಇದು ನನ್ನ ಕೂಸಲ್ಲ, ತಿಪ್ಪ್ಯಾಗ ಸಿಕ್ಕದ್ದು! ಇದನ್ನ ಯಾರೂ ಒಯ್ಯಬ್ಯಾಡ್ರಿ!" ಎಂದು ಆಕಾಶಕ್ಕೆ ಕೇಳುವ ಹಾಗೆ ಕೂಗಿದಳು. ಸಾವಿಗೆ ಅಸಹ್ಯವಾಯಿತೋ, ಇಲ್ಲಾ ವಿಳಾಸವೇ ತಪ್ಪಿತೋ, ಕೂಸು ಉಳಿಯಿತು.

ಉಳಿಯಿತು, ಬೆಳೆಯಿತು, ಮೀಸೆಯೂ ಬಂತು. ಬುದ್ಧಿ ಮಾತ್ರ ಬರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು, ಅಷ್ಟೇ ಅವನಿಗೆ ಗೊತ್ತು. ಒಂದು ಎಳ್ಳಿನಷ್ಟು ಹೆಚ್ಚಿಲ್ಲ, ಒಂದು ಎಳ್ಳಿನಷ್ಟು ಕಡಿಮೆಯಿಲ್ಲ.

ಒಂದು ದಿನ ಹೊಲದಲ್ಲಿ ಕಳೆ ತೆಗೆಯುವ ಆಳುಗಳಿಗೆ ಬುತ್ತಿ ಒಯ್ಯಬೇಕಿತ್ತು. ನಿಂಬೆವ್ವ ಬುಟ್ಟಿಯನ್ನು ಮಗನ ತಲೆಯ ಮೇಲಿಟ್ಟಳು.

"ಆಳುಗಳು ಹಸಿದಿರ್ತಾರ. ಲಗೂನ ಹೋಗು. ಎಲ್ಲೂ ನಿಲ್ಲಬ್ಯಾಡ. ತಿಳೀತಿಲ್ಲೊ? ಎಲ್ಲೂ!"

"ತಿಳೀತು ಯವ್ವಾ."

ಹೋದ. ಹೊಲಕ್ಕೆ ಬಂದ. ಆಳುಗಳು ಕೈ ತೊಳೆದುಕೊಂಡು ಸಾಲಾಗಿ ಕೂತಿದ್ದರು. ಇವನು ಅವರ ಮುಂದೆ ಹಾಯ್ದು ಹೋದ. ಬದುವಿನ ಮೇಲೆ ಸುತ್ತು ಹೊಡೆದ. ಆಳುಗಳು ಎದ್ದು ಬೆನ್ನು ಹತ್ತಿದರು.

"ಏ ತಿಪ್ಪಣ್ಣ, ನಿಲ್ಲೋ!"

"ನಿಲ್ಲಬ್ಯಾಡ ಅಂದಾಳ ಅವ್ವ!"

"ಬುತ್ತಿ ಕೊಡೋ!"

"ನಿಂತ್ರ ಕೊಡ್ತಿದ್ದೆ!"

ಮುಂದೆ ತಿಪ್ಪಣ್ಣ, ಹಿಂದೆ ಆರು ಜನ ಆಳು. ಮೂರು ಸುತ್ತು ಹೊಲ ಸುತ್ತಿದರು. ನಾಲ್ಕನೆಯ ಸುತ್ತಿಗೆ ಆಳುಗಳು ಬಿದ್ದರು, ತಿಪ್ಪಣ್ಣ ಬುತ್ತಿಯೊಂದಿಗೆ ಮನೆಗೆ ಬಂದ.

ನಿಂಬೆವ್ವ ಹಣೆ ಹಣೆ ಬಡಿದುಕೊಂಡಳು. "ಹೆಸರೂ ತಿಪ್ಪ, ತಲಿಯೂ ತಿಪ್ಪಿ! ನಾನರ ಎಷ್ಟ ದಿನ ಇರ್ತೀನೋ? ನಾ ಹೋದ ಮ್ಯಾಲ ನಿನಗ ಯಾರು ರೊಟ್ಟಿ ಹಾಕ್ತಾರೋ?"

ಅದೇ ಅವಳ ಚಿಂತೆ. ಮಗನಿಗೊಂದು ಹೆಣ್ಣು ಬೇಕು. ಆದರೆ ಹೊಲ ಸುತ್ತುವ ಗಂಡಿಗೆ ಯಾರು ಹೆಣ್ಣು ಕೊಡುತ್ತಾರೆ? ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು, ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ತಿಪ್ಪಾ ತಿಪ್ಪಾ ಅಂತ ಕರೆದೂ ಕರೆದೂ ಮಗನನ್ನು ತಾನೇ ಹೀಗೆ ಮಾಡಿದೆನೇನೋ ಎಂದು ಒಲೆಯ ಮುಂದೆ ಕೂತಾಗಲೆಲ್ಲ ಅವಳಿಗೆ ಅನಿಸುತ್ತಿತ್ತು.

ಅವಳ ನಾದಿನಿ ಕಾಶವ್ವ, ತೀರಿಹೋದ ಗಂಡನ ತಂಗಿ, ಅದೇ ಓಣಿಯಲ್ಲಿ ಇದ್ದಳು. ಎಲ್ಲದರಲ್ಲೂ ಒಂದು ಮಾತು ಹಾಕುವ ಹೆಂಗಸು.

"ಹೆಸರಿನ ಗುಣ ವೈನಿ, ಎಲ್ಲಾ ಹೆಸರಿನ ಗುಣ!" ಅಂದಳು. "ಕರೆದಂಗ ಆಗತೈತಿ ಮನಷ್ಯಾ. ಬ್ಯಾರೆ ಹೆಸರ ಇಡು."

"ಈಗ ಇಟ್ರ ಹತ್ತತೈತೇನ?"

"ಜೋಲ್ಯಾಗ ಹಾಕಿ ಇಟ್ರ ಹತ್ತತೈತಿ. ಸುಮ್ನ ಇಟ್ಟ ಹೆಸರ ಗಾಳಿಗೆ ಹೋಗತೈತಿ."

ನಮ್ಮ ಕಡೆ ಹೆಸರಿಡುವ ಪದ್ಧತಿ ಗೊತ್ತಲ್ಲ? ಸೋದರತ್ತೆಯಾದವಳು ಕೂಸಿನ ಕಿವಿಯಲ್ಲಿ 'ಕುರ್‍ರ್' ಎಂದು ಹೆಸರು ಊದಬೇಕು. ಊದುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಆಮೇಲೆ ಎಲ್ಲರಿಗೂ ಬೇಯಿಸಿದ ಕಾಳಿನ ಗುಗ್ಗರಿ ಹಂಚಬೇಕು. ನಿಂಬೆವ್ವ ಎರಡು ಇಳಕಲ್ಲ ಸೀರೆ ಜೋಡಿಸಿ ತೊಲೆಗೆ ಜೋಲಿ ಕಟ್ಟಿದಳು. ಮೀಸೆಯ ಮಗ ಹತ್ತಿ ಮಲಗಿದ. ಕಾಲು ಆ ಕಡೆ ಮೊಳ ಹೊರಗೆ, ತಲೆ ಈ ಕಡೆ ಗೇಣು ಹೊರಗೆ. ಹೆಂಗಸರು ಜೋಗುಳ ಹಾಡಿದರು. ಕಾಶವ್ವ ಬಗ್ಗಿ ಅವನ ಕಿವಿಯಲ್ಲಿ ಊದಿದಳು, "ಕುರ್‍ರ್! ಜಾಣಪ್ಪ!" ಓಣಿಯ ಹೆಂಗಸರಿಗೆ ಕಾಶವ್ವನ ಮೇಲೆ ಒಂದಿಷ್ಟು ಹಳೆಯ ಸಿಟ್ಟಿತ್ತು. ಗುದ್ದುಗಳು ಸ್ವಲ್ಪ ಜೋರಾಗಿಯೇ ಬಿದ್ದವು.

"ಯವ್ವಾ, ಜಾಣಪ್ಪ ಅಂದ್ರ ಏನ ಮಾಡ್ಬೇಕು?" ಮಗ ಜೋಲಿಯಿಂದಲೇ ಕೇಳಿದ.

"ಜಾಣ ಆದಂವ ಹೇಳಿದಷ್ಟ ಮಾಡಿ ಕೂಡೂದಿಲ್ಲಪಾ. ಒಂದ ಹೇಳಿದ್ರ ಎರಡ ಮಾಡ್ತಾನ!"

"ತಿಳೀತು ಯವ್ವಾ."

ಮರುದಿನ ಮುಂಜಾನೆ ನಿಂಬೆವ್ವ ಹೇಳಿದಳು, "ಜಾಣಪ್ಪ, ಎಮ್ಮಿ ಬಿಚ್ಚಿ ಬಿಡು, ಮೇಯಲಿ."

ಒಂದು ಎಮ್ಮೆ ಹೇಳಿದ್ದಾಳೆ. ಮನೆಯಲ್ಲಿ ಇರುವುದೂ ಒಂದೇ. ಎರಡು ಆಗಬೇಕಲ್ಲ? ಜಾಣಪ್ಪ ತಮ್ಮ ಎಮ್ಮೆ ಬಿಚ್ಚಿದ, ಪಕ್ಕದ ಮನೆಗೆ ಹೋಗಿ ಅವರದ್ದೂ ಬಿಚ್ಚಿದ. ಅದು ಬ್ಯಾಸಗಿ ದಿನ. ಓಣಿಯ ಹೆಂಗಸರು ನಾಲ್ಕು ದಿನ ಕೂತು ಶಾವಿಗೆ ಹೊಸೆದು ಹಗ್ಗದ ಹೊರಸಿನ ಮೇಲೆ ಒಣಗಲು ಹಾಕಿದ್ದರು. ಎರಡೂ ಎಮ್ಮೆಗಳು ಒಂದು ತುದಿಯಿಂದ ಶುರು ಮಾಡಿದವು. ಹೊರಸು ಉಳಿಯಿತು, ಶಾವಿಗೆ ಉಳಿಯಲಿಲ್ಲ.

ಓಣಿಯೆಲ್ಲ ನಿಂಬೆವ್ವನ ಬಾಗಿಲಿಗೆ ಬಂತು. ಬೈಯುವವರು ಬೈದರು, ಅಳುವವರು ಅತ್ತರು. ಎಲ್ಲರೂ ಹೋದ ಮೇಲೆ ನಿಂಬೆವ್ವ ಮಗನ ಕಡೆ ತಿರುಗಿದಳು.

"ಮಂದಿ ಎಮ್ಮಿ ಬಿಚ್ಚಿದೆಲ್ಲೋ!"

"ಒಂದಕ್ಕ ಎರಡ ಅಂದಿದ್ದೆಲ್ಲಬೇ. ನಮ್ಮಲ್ಲಿ ಎರಡ ಇರಲಿಲ್ಲ!"

"ಅಯ್ಯೋ ಶಿವನ! ಸುಮ್ನ ಇರಬಾರದೇನೋ? ಏನರ ಆಗಲಿ, ಬಾಯಿ ಬಿಡಬಾರದು, ಕೈ ಎತ್ತಬಾರದು, ಕೂತಲ್ಲೆ ಕೂಡಬೇಕು!"

ಕಾಶವ್ವ ಹೇಳಿದಳು, "ಜಾಣತನ ಅತೀ ಆತು ವೈನಿ. ತಂಪ ಹೆಸರ ಇಡೂಣು."

ಮತ್ತೆ ಜೋಲಿ ಕಟ್ಟಿದರು, ಮತ್ತೆ ಮಗ ಮಲಗಿದ, ಮತ್ತೆ ಕುರ್‍ರ್! ಶಾಂತಪ್ಪ. ಶಾವಿಗೆ ಕಳೆದುಕೊಂಡ ಹೆಂಗಸರು ಆವತ್ತು ಗುದ್ದಿದ ಗುದ್ದಿಗೆ ಕಾಶವ್ವ ಜೋಲಿಯ ಮೇಲೇ ಬಿದ್ದಳು. ಗುಗ್ಗರಿ ಹಂಚಿದರು.

ಎರಡು ದಿನ ಬಿಟ್ಟು ನಿಂಬೆವ್ವ ಹೊಳೆಗೆ ಅರಿವೆ ಒಗೆಯಲು ಹೋದಳು. ಶಾಂತಪ್ಪ ಪಡಸಾಲೆಯಲ್ಲಿ ಚಕ್ಕಮಕ್ಕಳ ಹಾಕಿ ಕೂತಿದ್ದ. ಮಂಗಗಳ ಒಂದು ಹಿಂಡು ಮಾಳಿಗೆಯ ಬೆಳಕಿಂಡಿಯಿಂದ ಇಳಿಯಿತು. ಒಂದು ಶೇಂಗಾದ ಚೀಲ ಹರಿಯಿತು. ಒಂದು ಬೆಲ್ಲದ ಗಡಿಗೆಯಲ್ಲಿ ಮೋರೆ ಹಾಕಿತು. ಒಂದು ನಿಂಬೆವ್ವನ ಹಬ್ಬದ ಕುಪ್ಪಸ ತೊಟ್ಟುಕೊಂಡಿತು. ಶಾಂತಪ್ಪ ಬಾಯಿ ಬಿಡಲಿಲ್ಲ, ಕೈ ಎತ್ತಲಿಲ್ಲ, ಕೂತಲ್ಲೇ ಕೂತ. ನಿಂಬೆವ್ವ ತಿರುಗಿ ಬಂದಾಗ ಒಂದು ಮುದಿ ಮಂಗ ಅವನ ಹೆಗಲ ಮೇಲೆ ಕೂತು ಹೇನು ನೋಡುತ್ತಿತ್ತು.

"ಏನೋ ಇದು! ಓಡಿಸಬಾರದೇನೋ?"

ಶಾಂತಪ್ಪ ಮಾತಾಡಲಿಲ್ಲ.

"ಬಾಯಿ ಬಿಡೋ!"

ಈಗ ಬಿಡು ಅಂದಳಲ್ಲ, ಬಿಟ್ಟ. "ನಾ ಶಾಂತಪ್ಪ ಅಲ್ಲೇನಬೇ? ಭಾಳ ಶಾಂತ ಇದ್ದೆ. ಮಂಗ್ಯಾನೂ ಮೆಚ್ಚೈತಿ."

"ಹೊಯ್ಕೋಬೇಕೋ! ಮನಿಯಾಗ ಬಂದು ನಮ್ಮ ಅನ್ನಕ್ಕ ಯಾರರ ಕೈ ಹಾಕಿದ್ರ ಬಡಿಗಿ ಹಿಡೀಬೇಕು, ಊರ ನಡಗೂಹಂಗ ಒದರಬೇಕು, ಊರ ಹೊರಗ ಅಟ್ಟಬೇಕು!"

"ತಿಳೀತು ಯವ್ವಾ."

ಮತ್ತೆ ಜೋಲಿ. ಈ ಸಲ ಕಾಶವ್ವ ಬೆನ್ನಿಗೆ ಕೌದಿ ಕಟ್ಟಿಕೊಂಡು ಬಂದಿದ್ದಳು. ಕುರ್‍ರ್! ಭೀಮಪ್ಪ. ಗುದ್ದಿದವರ ಕೈ ನೋವಾಯಿತೇ ಹೊರತು ಕಾಶವ್ವನಿಗೆ ಏನೂ ಆಗಲಿಲ್ಲ. ಓಣಿಯ ಮಕ್ಕಳು ಮಾತ್ರ ಬಹಳ ಖುಷಿಯಾಗಿದ್ದರು, ಹತ್ತು ದಿನದಲ್ಲಿ ಮೂರು ಸಲ ಗುಗ್ಗರಿ ಯಾವ ಊರಲ್ಲಿ ಸಿಗುತ್ತದೆ?

ಇಷ್ಟರಲ್ಲಿ ಕಾಶವ್ವ ಒಂದು ಸಂಬಂಧ ತಂದಳು. ಹೊಳೆಯಾಚೆಯ ಊರಿನ ಪರಪ್ಪ, ಏಳು ಹೆಣ್ಣುಮಕ್ಕಳ ತಂದೆ. ಮೂವರ ಮದುವೆ ಆಗಿದೆ, ನಾಲ್ಕನೆಯವಳಿಗೆ ವರ ನೋಡುತ್ತಿದ್ದಾನೆ. ಸೋಮವಾರ ಮನೆ ನೋಡಲು ಬರುತ್ತಾನೆ. ಇದೊಂದು ತಪ್ಪಿದರೆ ಇನ್ನು ಈ ಜನ್ಮಕ್ಕೆ ಸೊಸೆಯಿಲ್ಲ ಎಂದು ನಿಂಬೆವ್ವನಿಗೆ ಖಾತ್ರಿಯಾಗಿತ್ತು. ಅಂಗಳ ಸಾರಿಸಿದಳು, ರವೆಯ ಸಿಹಿ ಸಜ್ಜಕ ಮಾಡಿದಳು, ಮಗನಿಗೆ ಹೊಸ ಧೋತರ ಉಡಿಸಿ ಕಂಬದ ಹತ್ತಿರ ನಿಲ್ಲಿಸಿದಳು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ತಾಯಿ ಕರುಳು, ಒಂದು ಮಾತು ಹೆಚ್ಚು ಆಡಿತು.

"ಭೀಮಪ್ಪ, ನಿನ್ನ ಹೆಸರಿನ ಗುಣ ಬಂದವರಿಗೆ ಕಾಣಲಿ."

ಪರಪ್ಪ ಬಂದ. ದೊಡ್ಡ ರುಮಾಲು ಸುತ್ತಿದ, ನಗುಮುಖದ ಮನುಷ್ಯ. "ಮನಿ ಚಂದ ಐತ್ರಿ ಅಕ್ಕಾರ," ಅಂದ. "ಹುಡುಗನೂ ಗಟ್ಟಿ ಅದಾನ," ಅಂದ. ಕೈ ತೊಳೆದ. ಊಟದ ಗಂಗಾಳದ ಮುಂದೆ ಕೂತ. ಸಜ್ಜಕಕ್ಕೆ ಕೈ ಹಾಕಿದ.

"ಹೋ!" ಎಂದು ಒದರಿದ ಭೀಮಪ್ಪ. ತೊಲೆಯಿಂದ ಮಣ್ಣು ಉದುರಿತು. ಬಡಿಗೆ ಎತ್ತಿದ. ಪರಪ್ಪ ಹಾರಿ ಎದ್ದು ಬಾಗಿಲಿಗೆ ಓಡಿದ, ಅಂಗಳಕ್ಕೆ ಓಡಿದ, ದಾರಿ ಕಾಣದೆ ಜೋಳದ ಕಣಿಕೆಯ ಬಣವೆ ಹತ್ತಿದ. ಕೆಳಗೆ ಭೀಮಪ್ಪ ಬಡಿಗೆ ತಿರುಗಿಸುತ್ತ "ನಮ್ಮ ಅನ್ನಕ್ಕ ಕೈ ಹಾಕ್ತಿಯೇನು!" ಎಂದ. ಪರಪ್ಪ ಬಣವೆಯ ಆ ಕಡೆ ಜಾರಿ ಬಿದ್ದು ಹೊಳೆಯ ದಾರಿ ಹಿಡಿದ. ಭೀಮಪ್ಪ ಊರ ಗಡಿಯ ಕಲ್ಲಿನವರೆಗೆ ಅಟ್ಟಿ, ಅಲ್ಲಿ ನಿಂತು, ಮರಳಿ ಬಂದ. ಊರ ಹೊರಗೆ ಅಟ್ಟು ಅಂದಿದ್ದಳು ತಾಯಿ, ಅದಕ್ಕಿಂತ ಒಂದು ಹೆಜ್ಜೆ ಹೆಚ್ಚು ಹೋಗಲಿಲ್ಲ.

"ಹೆಸರಿನ ಗುಣ ಕಂಡಿತೇನಬೇ?" ಅಂದ.

ನಿಂಬೆವ್ವ ಈ ಸಲ ಹಣೆ ಬಡಿದುಕೊಳ್ಳಲಿಲ್ಲ. ನೆಲಕ್ಕೆ ಕುಸಿದು ಕೂತಳು. "ಇನ್ನ ಮ್ಯಾಲ ನಿನಗ ಹೆಸರ ಇಲ್ಲ. ತಿಪ್ಪಣ್ಣ ಅಲ್ಲ, ಜಾಣಪ್ಪ ಅಲ್ಲ, ಯಾರೂ ಅಲ್ಲ. ಹೋಗು." ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮರುದಿನ ಹೊತ್ತೇರುವಾಗ ಒಬ್ಬ ಹುಡುಗಿ ಅಂಗಳಕ್ಕೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕಟ್ಟೆಯ ಮೇಲೆ ಮಗ ಕೂತಿದ್ದ. ನಿಂಬೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕಿವಿ ಕೊಟ್ಟಳು.

"ನಮ್ಮಪ್ಪನ ರುಮಾಲ ಇಲ್ಲೆ ಬಣವಿ ಮ್ಯಾಲ ಉಳದೈತಂತ. ಅಂವ ಬರಾಕ ಒಲ್ಲೆ ಅಂದ, ನಾ ಬಂದೆ. ನಿನ್ನ ಹೆಸರೇನು?"

"ಇಲ್ಲ."

"ಏನಿಲ್ಲ?"

"ಹೆಸರ ಇಲ್ಲ. ನಿನ್ನೀತನಾ ಇದ್ವು. ನಾಕೂ ಮುಗದಾವು."

ಹುಡುಗಿ ಅವನ ಮೋರೆ ನೋಡಿದಳು. ಚೇಷ್ಟೆ ಮಾಡುತ್ತಿಲ್ಲ ಎಂದು ತಿಳಿಯಿತು. ಪಕ್ಕದಲ್ಲಿ ಕೂತು ಒಂದೊಂದಾಗಿ ಕೇಳಿದಳು, ಅವನು ಒಂದೊಂದಾಗಿ ಹೇಳಿದ. ಬುತ್ತಿ, ಶಾವಿಗೆ, ಮಂಗ, ಸಜ್ಜಕ. ಕೇಳುತ್ತ ಕೇಳುತ್ತ ಹುಡುಗಿ ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ನನ್ನ ಹೆಸರ ಸಾಕವ್ವ. ಯಾಕ ಗೊತ್ತೈತೇನ? ಮೂರ ಹೆಣ್ಣಿನ ಮ್ಯಾಲ ನಾ ನಾಕನೇದಾಕಿ. ಇನ್ನ ಹೆಣ್ಣ ಸಾಕು ಅಂತ ದೇವರಿಗೆ ತಿಳೀಲಂತ ಇಟ್ರು. ನನ್ನ ಬೆನ್ನಿಗೆ ಮತ್ತ ಮೂರ ಹೆಣ್ಣ ಬಂದ್ವು!"

ಒಳಗೆ ನಿಂಬೆವ್ವನ ಕೈಯಲ್ಲಿ ಹಿಟ್ಟು ಹಾಗೇ ಉಳಿಯಿತು.

"ಹೆಸರಿನಿಂದ ಏನೂ ಆಗೂದಿಲ್ಲೇನು ಹಂಗಾರ?" ಮಗ ಕೇಳಿದ.

"ನನ್ನ ಹೆಸರಿಂದಂತೂ ಆಗಲಿಲ್ಲ. ಏಳ, ಆ ಬಣವಿ ಏರು. ರುಮಾಲ ತಗೋ. ಹುಷಾರಿಲೆ ಇಳಿ. ತಂದು ನನ್ನ ಕೈಯಾಗ ಕೊಡು."

ಏರಿದ, ತಗೊಂಡ, ಹುಷಾರಿಯಿಂದ ಇಳಿದ, ತಂದು ಕೈಯಲ್ಲಿ ಕೊಟ್ಟ. ನಿಂಬೆವ್ವ ಬಾಗಿಲಿಗೆ ಬಂದು ಕಣ್ಣು ಬಿಟ್ಟು ನೋಡಿದಳು. ನಾನಾಗಿದ್ದರೆ 'ಬಣವಿ ಏರು' ಅಂತಷ್ಟೇ ಹೇಳುತ್ತಿದ್ದೆ, ಅವನು ಮಳೆಗಾಲದವರೆಗೆ ಮೇಲೇ ಇರುತ್ತಿದ್ದ. ಈ ಹುಡುಗಿ ಇಳಿಯುವುದನ್ನೂ ಹೇಳಿದ್ದಾಳೆ!

"ಯವ್ವಾ, ಇಂವಗ ನಾ ಆಗಬಹುದೇನ್ರಿ?" ಸಾಕವ್ವ ನೆಟ್ಟಗೆ ಕೇಳಿಬಿಟ್ಟಳು. "ನಮ್ಮ ಅಕ್ಕಗಳ ಗಂಡಂದಿರು ಮೂರೂ ಮಂದಿ ಭಾಳ ಶಾಣ್ಯಾರ. ಒಬ್ಬನೂ ಹೆಂಡ್ತಿ ಹೇಳಿದ್ದ ಕೇಳೂದಿಲ್ಲ. ಹೇಳಿದ್ದ ಹೇಳಿದಂಗ ಮಾಡೂ ಗಂಡಸನ್ನ ನಾ ಇವತ್ತ ನೋಡಿದೆ."

ನಿಂಬೆವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಅಂದಳು, "ಮಗಳ, ಇಂವಗ ಒಂದ ಹೆಸರೂ ನೆಟ್ಟಗ ಹತ್ತಲಿಲ್ಲ. ಮೊದಲಿಂದು ತಿಪ್ಪಣ್ಣ ಅಂತಿತ್ತು. ನಾನ ಇಟ್ಟದ್ದು. ಉಳೀಲಿ ಅಂತ ಇಟ್ಟೆ."

"ಉಳದಾನಲ್ಲ! ಅವ್ವ ಜೀವಾ ಹಿಡ್ಕೊಂಡು ಇಟ್ಟ ಹೆಸರ, ಅದನ್ಯಾಕ ಬಿಡ್ತೀರಿ? ತಿಪ್ಪಣ್ಣನ ಇರಲಿ."

ನಿಂಬೆವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಆದರೆ ಇದು ಬೇರೆ ಅಳು. ರೊಟ್ಟಿ ಒಂದು ಹೊತ್ತಿಹೋಯಿತು, ಹೋಗಲಿ ಬಿಡಿ.

ಪರಪ್ಪನನ್ನು ಒಪ್ಪಿಸಲು ಸಾಕವ್ವನಿಗೆ ಎಂಟು ದಿನ ಹಿಡಿಯಿತು. ಮದುವೆಯಲ್ಲಿ ಅವನು ಅಳಿಯನಿಗೆ ಬೆನ್ನು ಹಾಕಿ, ಗಂಗಾಳ ಮುಚ್ಚಿಕೊಂಡು ಉಂಡ. ತಿಪ್ಪಣ್ಣ ಮಾತ್ರ ಬಂಗಾರದಂಥ ಮದುಮಗ. ಸಾಕವ್ವ ಮೊದಲೇ ಎಲ್ಲ ಹೇಳಿಕೊಟ್ಟಿದ್ದಳು. "ತಾಳಿ ಕಟ್ಟು. ಮೂರ ಗಂಟ ಹಾಕು. ನಾಕನೇದ ಬ್ಯಾಡ. ಕೈ ಬಿಡು." ಕಟ್ಟಿದ, ಹಾಕಿದ, ಕೈ ಬಿಟ್ಟ. ಊರು ಬೆರಗಾಯಿತು. ನಿಂಬೆವ್ವ ಹೆಮ್ಮೆಯಿಂದ ನಾಲ್ಕು ದಿಕ್ಕಿಗೂ ನೋಡಿದಳು.

ಹೊತ್ತು ನೆತ್ತಿಗೆ ಬರುವಾಗ ಮದುಮಕ್ಕಳು ಮನೆಗೆ ಬಂದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಒಳಗೆ ಕಾಶವ್ವ ಓಣಿಯ ಏಳು ಹೆಂಗಸರನ್ನು ಕಟ್ಟಿಕೊಂಡು ಬಾಗಿಲಿಗೆ ಕೈ ಅಡ್ಡ ಹಿಡಿದಿದ್ದಳು.

"ಹೆಂಡ್ತಿ ಹೆಸರ ಹೇಳಿದ್ರ ಒಳಗ, ಇಲ್ಲಂದ್ರ ಹೊರಗ! ಹೇಳಪಾ ಮದುಮಗಾ!"

ಬೇರೆ ಗಂಡಸರು ಇಲ್ಲಿ ನಾಚುತ್ತಾರೆ, ನೆಲ ನೋಡುತ್ತಾರೆ, ಗೊಣಗುತ್ತಾರೆ. ತಿಪ್ಪಣ್ಣ ಹೆಂಡತಿಯ ಮೋರೆ ನೋಡಿದ, ಏನು ಮಾಡಲಿ ಅನ್ನುವ ಹಾಗೆ. ಸಾಕವ್ವ ಮೆಲ್ಲಗೆ ಅಂದಳು, "ನಾಚಬ್ಯಾಡ. ಊರ ಮಂದಿಗೆಲ್ಲಾ ಕೇಳೂಹಂಗ ನನ್ನ ಹೆಸರ ಹೇಳು. ಆಮ್ಯಾಲ ಬಲಗಾಲ ಮುಂದಿಟ್ಟ ಹೊಸ್ತಿಲ ದಾಟು."

"ತಿಳೀತು."

ತಿಪ್ಪಣ್ಣ ಒಂದು ಗಳಿಗೆ ಯೋಚಿಸಿದ. ಮೈಮೇಲಿನ ಶಾಲಿಗೂ ಅವಳ ಸೆರಗಿಗೂ ಹಾಕಿದ ಗಂಟು ಬಿಚ್ಚಿದ. ಶಾಲನ್ನು ಮಡಚಿ ಅವಳ ಕೈಯಲ್ಲಿ ಕೊಟ್ಟ. ತಿರುಗಿ ನಡೆದೇಬಿಟ್ಟ.

"ಎಲ್ಲಿ ಹೊಂಟ್ಯೋ?" ನಿಂಬೆವ್ವ ಒಳಗಿಂದ ಕೂಗಿದಳು. ಆಗಲೇ ಓಣಿ ತಿರುಗಿದ್ದ.

ಊರಿನ ಆ ತುದಿಗೆ ಹೋದ. ಹೊಳೆಯ ಕಡೆಯ ಕಟ್ಟಕಡೆಯ ಮನೆ. ಬಾಗಿಲ ಮುಂದೆ ನಿಂತು "ಸಾಕವ್ವಾ!" ಎಂದು ಕೂಗಿದ. "ಕೇಳೀತೇನ್ರಿ?"

"ಕೇಳೀತಪಾ!"

ಮುಂದಿನ ಮನೆ. "ಸಾಕವ್ವಾ! ಕೇಳೀತೇನ್ರಿ?" ಅದರ ಮುಂದಿನದು. ಕ್ಷೌರದ ಕಟ್ಟೆಯಲ್ಲಿ ಅರ್ಧ ಗಡ್ಡ ತೆಗೆಸಿಕೊಂಡವನಿಗೆ ಹೇಳಿದ. ಗುಡಿಯಲ್ಲಿ ಕಣ್ಣು ಮುಚ್ಚಿ ಕೂತ ಪೂಜಾರಿಯನ್ನು ಎಬ್ಬಿಸಿ ಹೇಳಿದ. ಬಾವಿಗೆ ಇಳಿದವನಿಗೆ ಮೇಲಿಂದ ಬಗ್ಗಿ ಹೇಳಿದ. ಕಿವುಡ ಈರಪಜ್ಜನ ಮನೆಯಲ್ಲಿ ಹದಿನೇಳು ಸಲ ಹೇಳಿದರೂ ಆಗಲಿಲ್ಲ. ಹದಿನೆಂಟನೆಯ ಸಲಕ್ಕೆ ಅಜ್ಜ ತಲೆ ಆಡಿಸಿದ.

ಇತ್ತ ಹೊಸ್ತಿಲಲ್ಲಿ ಸಾಕವ್ವ ಶಾಲು ಹಿಡಿದು ನಿಂತೇ ಇದ್ದಳು. ಹೋಳಿಗೆ ಆರಿತು. ಬೀಗರ ಹೊಟ್ಟೆ ತಾಳ ಹಾಕಿತು. ದೂರದಿಂದ ಓಣಿ ಓಣಿ ದಾಟಿ ಏನೋ ಕೂಗು ಬರುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಬರಬರುತ್ತ ಅದೂ ಸಣ್ಣದಾಯಿತು, ಆಮೇಲೆ ನಿಂತುಹೋಯಿತು.

ಹೊತ್ತು ಇಳಿಯುವಾಗ ತಿಪ್ಪಣ್ಣ ಬಂದ. ಬಾಸಿಂಗ ಕಿವಿಗೆ ಜೋತು ಬಿದ್ದಿತ್ತು. ಊರೆಲ್ಲ ಮುಗಿಸಿ ಬಂದಿದ್ದ, ಕಟ್ಟಕಡೆಗೆ ಉಳಿದದ್ದು ತನ್ನದೇ ಮನೆ. ಬಾಗಿಲ ಮುಂದೆ ನೆಟ್ಟಗೆ ನಿಂತ. ಎದೆ ತುಂಬ ಉಸಿರು ತಗೊಂಡ. ಬಾಯಿ ತೆಗೆದ.

"ಹ್‍ಹ್‍ಹ್..." ಗಾಳಿ ಬಂತು. ದನಿ ಇಲ್ಲ.

"ನಮಗ ಕೇಳಲಿಲ್ಲ!" ಅಂದಳು ಕಾಶವ್ವ.

ಮತ್ತೆ ಬಾಯಿ ತೆಗೆದ. "ಹ್‍ಹ್‍ಹ್..."

"ಕೇಳಲಿಲ್ಲ! ಪದ್ಧತಿ ಅಂದ್ರ ಪದ್ಧತಿ!"

ನಿಂಬೆವ್ವ ಅಂದುಕೊಂಡಳು, ಮುಗಿಯಿತು, ಈಗ ಈ ಹುಡುಗಿಯೂ ಹಣೆ ಬಡಿದುಕೊಳ್ಳುತ್ತಾಳೆ, ಈಗ ತಂದೆಯ ಕೈ ಹಿಡಿದು ಹೊಳೆಯಾಚೆ ನಡೆಯುತ್ತಾಳೆ. ಸೊಸೆಯ ಮೋರೆ ನೋಡುವ ಧೈರ್ಯವಾಗದೆ ಅಕ್ಕಿಯ ಸೇರನ್ನೇ ನೋಡಿದಳು.

ಸಾಕವ್ವ ಕಟ್ಟೆಯ ಮೇಲೆ ಕೂತುಬಿಟ್ಟಳು. ಗಂಡನ ಕೈ ಎಳೆದು ಪಕ್ಕದಲ್ಲಿ ಕೂಡಿಸಿಕೊಂಡಳು. ಶಾಲಿನ ತುದಿಯಿಂದ ಅವನ ಬೆವರು ಒರೆಸಿದಳು.

"ತಪ್ಪ ನಂದ್ರಿ ಅತ್ತಿ," ಅಂದಳು. "ಎಲ್ಲಾರಿಗೂ ಹೇಳು ಅಂದೆ. ಎಲ್ಲಿಂದ ಸುರು ಮಾಡ್ಬೇಕು ಅನ್ನೂದ ಹೇಳಲಿಲ್ಲ."

ಇಷ್ಟು ವರ್ಷದಲ್ಲಿ ಮಗ ಎಡವಿದಾಗ ಇನ್ನೊಬ್ಬರು 'ತಪ್ಪು ನನ್ನದು' ಅಂದದ್ದನ್ನು ನಿಂಬೆವ್ವ ಕೇಳಿರಲಿಲ್ಲ. ಅವಳಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು. ಕಾಶವ್ವನ ಕೈ ಸರಿಸಿ, ಹೋಳಿಗೆಯ ಬುಟ್ಟಿ ಎತ್ತಿಕೊಂಡು ತಾನೇ ಹೊಸ್ತಿಲು ದಾಟಿ ಹೊರಗೆ ಬಂದಳು. ಮದುವೆಯ ಊಟ ಓಣಿಯಲ್ಲೇ ಆಯಿತು.

ಹೀಗೆ ಆ ಊರಲ್ಲಿ ಕಿವುಡ ಈರಪಜ್ಜನಿಗೂ ಹೊಸ ಸೊಸೆಯ ಹೆಸರು ಗೊತ್ತಾಯಿತು. ಅದನ್ನು ತಿಪ್ಪಣ್ಣನ ಬಾಯಿಂದ ಕೇಳದೆ ಉಳಿದವರು ಬಾಗಿಲಲ್ಲಿ ನಿಂತ ಎಂಟು ಹೆಂಗಸರು, ಹೆತ್ತ ತಾಯಿ, ಮತ್ತೆ ಸಾಕವ್ವ. ಕಾಶವ್ವ ಪದ್ಧತಿ ಬಿಡಲಿಲ್ಲ, ತಿಪ್ಪಣ್ಣನ ದನಿ ಮೂರು ದಿನ ಬರಲಿಲ್ಲ. ಆ ಮೂರು ದಿನ ಮದುಮಕ್ಕಳು ಕಟ್ಟೆಯ ಮೇಲೇ ಸಂಸಾರ ಮಾಡಿದರು. ನಿಂಬೆವ್ವ ಒಳಗಿಂದ ಬಿಸಿ ರೊಟ್ಟಿ ತಂದು ತಂದು ಹಾಕಿದಳು. ಅವರು ಅಲ್ಲಿ ರೊಟ್ಟಿ ತಿಂದರು, ನಾವು ಇಲ್ಲಿ ಕತೆ ಕೇಳಿದೆವು.